ಸಿದ್ದಾಪುರದ ರೈಟರ್‌ಗೆ ಗುರುಗ್ರಾಮದಲ್ಲಿ ಪಂಚಾಯ್ತಿಯೇ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ನೇಮಕಾತಿ ಪತ್ರದ ಕೊನೆಯ ಪುಟದಲ್ಲಿ ಯಾರೂ ಓದದ ಸಣ್ಣ ಅಕ್ಷರದ ಷರತ್ತು: ತಕರಾರು ಬಂದರೆ ಕಂಪನಿ ಹೇಳಿದ ಕಡೆಗೇ ಬರಬೇಕು, ಹೆಚ್ಚಾಗಿ ಕೋರ್ಟಿನ ಬದಲು ಖಾಸಗಿ ತೀರ್ಪುಗಾರರ ಮುಂದೆ (ಆರ್ಬಿಟ್ರೇಷನ್). ಹಾಗಾಗಿ ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯದ ಜಮೀನು), ಆಸ್ತಿ ಪಾಲು, ಬೇಲಿ ತಕರಾರಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಜಮ್ಮಾದವರು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕೇಸು ಹೇಗೂ ಒಂದು ತಿಂಗಳಲ್ಲಿ ಮುಗಿಯುವುದಲ್ಲ.

ಪ್ರಶ್ನೆ: ಮೇಡಂ, ನಾನು ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ 11 ವರ್ಷದಿಂದ ರೈಟರ್ (ತೋಟದ ಲೆಕ್ಕ ಬರೆಯುವವ) ಆಗಿದ್ದೆ. ಮೊದಲು ಸಾಹುಕಾರ್ರ ತೋಟ, ಕಳೆದ ವರ್ಷ ಹೊರಗಿನ ಕಂಪನಿಯೊಂದು ತೆಗೆದುಕೊಂಡಿತು. ಬಂದ ಕೂಡಲೇ ಎಲ್ಲ ಸ್ಟಾಫಿನ ಹತ್ತಿರ ಇಂಗ್ಲಿಷಿನ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಈ ಸಲ ರೊಬಸ್ಟಾ ಕೊಯ್ಲು ಮುಗಿಯುತ್ತಿದ್ದ ಹಾಗೆ ‘ನಾಳೆಯಿಂದ ಬರಬೇಡಿ’ ಎಂದರು. ಡಿಸೆಂಬರ್‌ನಿಂದ ಮೂರು ತಿಂಗಳ ಸಂಬಳ ಬಾಕಿ ಇದೆ, ತಿಂಗಳಿಗೆ 24,000 ರೂಪಾಯಿ. ಕೇಳಿದರೆ, ‘ತಕರಾರಿದ್ದರೆ ಗುರುಗ್ರಾಮದಲ್ಲಿ ಆರ್ಬಿಟ್ರೇಷನ್. ನಮ್ಮ ಡೈರೆಕ್ಟರ್ ನೇಮಿಸಿದವರು ತೀರ್ಮಾನ ಮಾಡುತ್ತಾರೆ. ಲೇಬರ್ ಆಫೀಸಿಗೆ ಹೋಗುವ ಹಾಗಿಲ್ಲ, ನೀವೇ ಸಹಿ ಹಾಕಿದ್ದೀರಿ’ ಎನ್ನುತ್ತಾರೆ. ನನ್ನ ದಾರಿ ಮುಚ್ಚಿತೇ? — ಒಬ್ಬ ರೈಟರ್, ಸಿದ್ದಾಪುರ

ಉತ್ತರ: ಮುಚ್ಚಿಲ್ಲ. ನಾಳೆಯೇ ಮಡಿಕೇರಿಯ ಲೇಬರ್ ಆಫೀಸಿಗೆ ಹೋಗಿ. ಯಾಕೆ ಎಂದು ಈಗ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನೀವು ಸಹಿ ಹಾಕಿದ ಷರತ್ತು 1996ರ ಆರ್ಬಿಟ್ರೇಷನ್ ಕಾಯ್ದೆಯ ಕೆಳಗೆ ಬರುತ್ತದೆ. ಇಬ್ಬರು ವ್ಯಾಪಾರಿಗಳು, ಕಾಂಟ್ರಾಕ್ಟರ್ ಮತ್ತು ಕಂಪನಿ, ಇಂಥವರು ಕೋರ್ಟಿಗೆ ಅಲೆಯದೆ ಖಾಸಗಿಯಾಗಿ ಒಬ್ಬರ ಮುಂದೆ ತೀರ್ಮಾನ ಮಾಡಿಕೊಳ್ಳಲಿ ಎಂದು ಅದನ್ನು ಮಾಡಿದ್ದು. ಕೆಲಸಗಾರರ ವಿವಾದಕ್ಕೆ ಬೇರೆಯದೇ ಕಾನೂನಿದೆ, ಬೇರೆಯದೇ ಅಧಿಕಾರಿ ಇದ್ದಾರೆ. ಆ ಕಾನೂನು ಕೊಟ್ಟ ಹಕ್ಕನ್ನು ಒಂದು ಸಹಿಯಿಂದ ಗುರುಗ್ರಾಮಕ್ಕೆ ಸಾಗಿಸಲು ಬರುವುದಿಲ್ಲ. ನಮ್ಮ ಕರ್ನಾಟಕ ಹೈಕೋರ್ಟ್ 2017ರಲ್ಲಿ ಬೆಂಗಳೂರಿನ ಕಂಪನಿಯೊಂದರ ಕೇಸಿನಲ್ಲಿ ಹೇಳಿದ್ದೂ ಇದನ್ನೇ: ಕೈಗಾರಿಕಾ ವಿವಾದಕ್ಕೆ ಆರ್ಬಿಟ್ರೇಷನ್ ಕಾಯ್ದೆ ಅನ್ವಯಿಸುವುದಿಲ್ಲ. ಅದಕ್ಕೂ ಮೊದಲು, 2012ರಲ್ಲಿ, ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಪೈಲಟ್‌ಗಳು ಸಂಬಳ ಬಾಕಿಗಾಗಿ ಲೇಬರ್ ಕೋರ್ಟಿಗೆ ಹೋದಾಗ ಕಂಪನಿ ಇದೇ ಮಾತು ತೆಗೆದಿತ್ತು. ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ.

ನಿಮ್ಮ ಎಚ್‌ಆರ್ ಅವರಿಗೆ ತೋರಿಸಲು ಇನ್ನೂ ಹೊಸದು ಬೇಕೆಂದರೆ 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿದೆ. ಹುಂಡೈ ಆಟೋಎವರ್ ಇಂಡಿಯಾ ಎಂಬ ಕಂಪನಿ ಒಬ್ಬ ನೌಕರನನ್ನು ಕೆಲಸದಿಂದ ತೆಗೆಯಿತು. ಅವರು ಸಂಬಳ ಬಾಕಿಗೂ ಕೆಲಸದಿಂದ ತೆಗೆದದ್ದಕ್ಕೂ ಕಾರ್ಮಿಕ ಕಾನೂನಿನ ಅಧಿಕಾರಿಗಳ ಹತ್ತಿರ ಹೋದರು. ಕಂಪನಿ ಬಿಡಲಿಲ್ಲ. ಮದ್ರಾಸ್ ಹೈಕೋರ್ಟಿಗೆ ಹೋಗಿ ಆರ್ಬಿಟ್ರೇಟರ್ ಬೇಕು ಎಂದು ಆದೇಶ ತಂದಿತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈ ಅರ್ಜಿಯೇ ಕಾನೂನಿನ ದುರುಪಯೋಗ ಎಂದು ಹೇಳಿ, ಕಂಪನಿ ಆ ನೌಕರನಿಗೆ 5 ಲಕ್ಷ ರೂಪಾಯಿ ಖರ್ಚು ಕೊಡಬೇಕು ಎಂದಿತು.

ಈಗ ನಿಮ್ಮ ವಿಷಯದಲ್ಲಿ ಕಂಪನಿ ಎತ್ತುವ ಮೊದಲ ತಕರಾರು ನನಗೆ ಇಲ್ಲಿ ಕೂತೇ ಕೇಳಿಸುತ್ತಿದೆ. ‘ರೈಟರ್ ಕೆಲಸಗಾರ ಅಲ್ಲ, ಸೂಪರ್‌ವೈಸರ್’ ಎನ್ನುತ್ತಾರೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮೇಲ್ವಿಚಾರಣೆಯ ಕೆಲಸ ಮಾಡುವವರ ಸಂಬಳ ತಿಂಗಳಿಗೆ 18,000 ದಾಟಿದರೆ ಅವರು ‘ಕೆಲಸಗಾರ’ ಆಗುವುದಿಲ್ಲ. ನಿಮ್ಮದು 24,000. ಆದರೆ ಗುಮಾಸ್ತೆ ಕೆಲಸಕ್ಕೆ, ಅಂದರೆ ಬರೆಯುವ, ಲೆಕ್ಕ ಇಡುವ ಕೆಲಸಕ್ಕೆ, ಈ ಮಿತಿಯೇ ಇಲ್ಲ. ಕೋರ್ಟು ನೋಡುವುದು ನೀವು ದಿನಾ ಏನು ಮಾಡುತ್ತಿದ್ದಿರಿ ಎಂದು. ಹುದ್ದೆಯ ಹೆಸರು ಏನು ಬೇಕಾದರೂ ಇರಲಿ. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವುದು, ಸಂಜೆ ಹಣ್ಣು ತೂಕ ಹಾಕಿಸಿ ಹೆಸರಿನ ಮುಂದೆ ಕಿಲೋ ಬರೆಯುವುದು, ಗೊಬ್ಬರದ ಸ್ಟಾಕ್ ಲೆಕ್ಕ, ವಾರದ ಬಟವಾಡೆ ಪಟ್ಟಿ: ಇದು ನಿಮ್ಮ ದಿನದ ಹೆಚ್ಚು ಭಾಗ ಆಗಿದ್ದರೆ ನೀವು ಗುಮಾಸ್ತೆ ಕೆಲಸದವರು ಎಂದು ವಾದಿಸಬಹುದು. ಆಳುಗಳಿಗೆ ರಜೆ ಕೊಡುವ, ಕೆಲಸಕ್ಕೆ ಸೇರಿಸುವ, ತೆಗೆಯುವ ಅಧಿಕಾರ ನಿಮಗಿತ್ತೇ? ಇರಲಿಲ್ಲ ಅಲ್ವಾ? ಅದು ಮ್ಯಾನೇಜರ್ ಕೈಯಲ್ಲಿತ್ತು. ಅದನ್ನೇ ಅರ್ಜಿಯಲ್ಲಿ ಬರೆಯಿರಿ. ಗುರುಗ್ರಾಮದಲ್ಲಿ ಕೂತವರಿಗೆ ಚೆಕ್‌ರೋಲ್ ಎಂದರೆ ಏನು ಎಂದು ವಿವರಿಸುವುದಕ್ಕೇ ಒಂದು ದಿನ ಬೇಕು. ಇಲ್ಲಿನ ಲೇಬರ್ ಆಫೀಸಿನಲ್ಲಿ ಆ ಕಷ್ಟ ಇಲ್ಲ. ಚೆಕ್‌ರೋಲ್ ಪುಟದ ಫೋಟೋ, ಮ್ಯಾನೇಜರ್ ಕಳಿಸಿದ ವಾಟ್ಸಾಪ್ ಮೆಸೇಜು, ಪೇ ಸ್ಲಿಪ್ಪು ಏನಿದ್ದರೂ ಜೋಪಾನ. ಫೋನ್ ಬದಲಾಯಿಸುವ ಮುಂಚೆ ಪ್ರಿಂಟ್ ತೆಗೆಸಿ.

ಒಂದು ವೇಳೆ ‘ನೀವು ಕೆಲಸಗಾರ ಅಲ್ಲ’ ಎಂದೇ ತೀರ್ಮಾನವಾದರೂ ಸಂಬಳ ಬಾಕಿ ಮುಳುಗುವುದಿಲ್ಲ. ವೇತನ ಸಂಹಿತೆಯಲ್ಲಿ ‘ನೌಕರ’ ಎಂದರೆ ಮ್ಯಾನೇಜರ್ ಕೂಡ ಸೇರುತ್ತಾರೆ. ಕೆಲಸದಿಂದ ತೆಗೆದ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು. ಕೊಡದಿದ್ದರೆ ಆ ಸಂಹಿತೆಯ ಅಧಿಕಾರಿಯ ಮುಂದೆ ಮೂರು ವರ್ಷದೊಳಗೆ ಕ್ಲೇಮು ಹಾಕಬಹುದು. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಹತ್ತು ಪಟ್ಟು ಸಿಕ್ಕೇ ಸಿಗುತ್ತದೆ ಎಂದು ಮನೆಯಲ್ಲಿ ಹೇಳಬೇಡಿ, ಅದು ಗರಿಷ್ಠ ಮಿತಿ. ಬರಬೇಕಾದ ಹಣವನ್ನು ಬಿಟ್ಟುಕೊಡುತ್ತೇನೆ ಎಂದು ನೌಕರ ಬರೆದುಕೊಟ್ಟರೂ ಆ ಕಾಗದಕ್ಕೆ ಬೆಲೆ ಇಲ್ಲ ಎಂದು ಅದೇ ಸಂಹಿತೆಯ 60ನೇ ಸೆಕ್ಷನ್ ಹೇಳುತ್ತದೆ.

ಈಗ ಖರ್ಚಿನ ಮಾತು. ನೀವು ಕೇಳಿಲ್ಲ, ಆದರೆ ಅಸಲು ವಿಷಯ ಇದೇ.

ನಿಮ್ಮ ಲೆಕ್ಕ ಎಷ್ಟಾಗುತ್ತದೆ ನೋಡೋಣ. ಸಂಬಳ ಬಾಕಿ 72,000. ನೋಟಿಸ್ ಕೊಡದೆ ತೆಗೆದದ್ದಕ್ಕೆ ಒಂದು ತಿಂಗಳ ಸಂಬಳ 24,000. ನೀವು ಹೆಚ್ಚುವರಿ ಸಿಬ್ಬಂದಿ ಎಂದು ತೆಗೆದದ್ದಾದರೆ ವರ್ಷಕ್ಕೆ 15 ದಿನದ ಸಂಬಳದ ಹಾಗೆ 11 ವರ್ಷಕ್ಕೆ ಸುಮಾರು 1,32,000. ಗ್ರಾಚ್ಯುಯಿಟಿಗೆ ಲೆಕ್ಕ ಹಿಡಿಯುವ ವೇತನ 20,000 ಎಂದುಕೊಂಡರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, 11 ವರ್ಷಕ್ಕೆ ಸುಮಾರು 1,27,000. ಮಾಲೀಕರು ಬದಲಾದರೂ ನಿಮ್ಮ ಕೆಲಸ ನಿಲ್ಲದೆ ಮುಂದುವರಿದಿದೆ, ಆದ್ದರಿಂದ 11 ವರ್ಷವನ್ನೂ ಒಟ್ಟಿಗೆ ಕೇಳಿ. ಸಾಹುಕಾರ್ರ ಕಾಲದ್ದು ಸಾಹುಕಾರ್ರನ್ನೇ ಕೇಳಿ ಎಂದರೆ ಒಪ್ಪಬೇಡಿ. ಎಲ್ಲ ಸೇರಿ ಮೂರೂವರೆ ಲಕ್ಷದ ಮೇಲೆ.

ಇದಕ್ಕೆ ಗುರುಗ್ರಾಮಕ್ಕೆ ಹೋದರೆ ಏನಾಗುತ್ತದೆ? ಆರ್ಬಿಟ್ರೇಷನ್ ಕಾಯ್ದೆಯ ನಾಲ್ಕನೇ ಶೆಡ್ಯೂಲ್‌ನಲ್ಲಿ ಒಂದು ಮಾದರಿ ಫೀಸು ಪಟ್ಟಿ ಇದೆ. 5 ಲಕ್ಷದವರೆಗಿನ ವಿವಾದಕ್ಕೆ 45,000 ರೂಪಾಯಿ, ಒಬ್ಬರೇ ಆರ್ಬಿಟ್ರೇಟರ್ ಆದರೆ ಅದರ ಮೇಲೆ 25 ಪರ್ಸೆಂಟ್. ಒಟ್ಟು 56,250. ಸಾಮಾನ್ಯವಾಗಿ ಅರ್ಧ ಅರ್ಧ ಹಾಕಬೇಕು. ನಿಮ್ಮ ಪಾಲು 28,125, ಅದೂ ಮೊದಲೇ ಡಿಪಾಸಿಟ್. ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ ಕೊಟ್ಟು ಮೂರು ತಿಂಗಳ ಸಂಬಳ ಕೇಳಬೇಕು! ಇದರ ಮೇಲೆ ಮೈಸೂರಿಗೆ ಬಸ್ಸು, ಅಲ್ಲಿಂದ ರೈಲು, ಇಲ್ಲವೇ ಕಣ್ಣೂರಿನಿಂದ ವಿಮಾನ, ಅಲ್ಲಿ ಲಾಡ್ಜು, ಹಿಂದಿ ಬರುವ ವಕೀಲರು. ಲೇಬರ್ ಆಫೀಸಿನಲ್ಲಿ ಅರ್ಜಿಗೆ ಫೀಸಿಲ್ಲ. ಸಿದ್ದಾಪುರದಿಂದ ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ. ಲೇಬರ್ ಆಫೀಸಿನಲ್ಲಿ ಮೊದಲು ನಡೆಯುವ ರಾಜಿ ಮಾತುಕತೆಯಲ್ಲಿ ವಕೀಲರು ಕೂರುವ ಹಾಗೇ ಇಲ್ಲ. ವಕೀಲೆಯಾಗಿ ನಾನೇ ಹೇಳುತ್ತಿದ್ದೇನೆ, ಅದು ನಿಮಗೆ ಒಳ್ಳೆಯದು. ಯೂನಿಯನ್‌ನವರು ನಿಮ್ಮ ಪರವಾಗಿ ಕೂರಬಹುದು.

ರಾಜಿ ಅಧಿಕಾರಿ 45 ದಿನದೊಳಗೆ ಮುಗಿಸಬೇಕು ಎಂದಿದೆ. ಆಗದಿದ್ದರೆ ಅವರ ವರದಿ ಬಂದ 90 ದಿನದೊಳಗೆ ನೀವು ಕೈಗಾರಿಕಾ ಟ್ರಿಬ್ಯೂನಲ್‌ಗೆ (ಕೆಲಸಗಾರರ ವಿವಾದ ಕೇಳುವ ನ್ಯಾಯಮಂಡಳಿ) ಅರ್ಜಿ ಹಾಕಬೇಕು. ಈ 90 ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ನಿಮ್ಮ ತಾಲ್ಲೂಕಿನ ಕೇಸು ಯಾವ ಊರಿಗೆ ಹೋಗುತ್ತದೆ ಎಂದು ಲೇಬರ್ ಆಫೀಸಿನಲ್ಲೇ ಕೇಳಿ ಬರೆದುಕೊಳ್ಳಿ. ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ರಾಜಿ ಅಧಿಕಾರಿ ಅದನ್ನು ಮುಟ್ಟುವಂತಿಲ್ಲ. ಹಳೆಯ ಕಾನೂನಿನ ಮೂರು ವರ್ಷ ನೆನಪಿಟ್ಟುಕೊಂಡು ಯಾರೋ ‘ಇನ್ನೂ ಟೈಮಿದೆ’ ಎಂದರೆ ನಂಬಬೇಡಿ.

ಟ್ರಿಬ್ಯೂನಲ್ ಎಂದರೆ ವಾಯಿದೆ ಮೇಲೆ ವಾಯಿದೆ, ವರ್ಷಗಳೇ ಹೋಗಬಹುದು. ಕೆಲಸ ವಾಪಸ್ ಕೊಡಿಸುವ ಬದಲು ಒಟ್ಟು ಮೊತ್ತ ಕೊಡಿಸಿ ಮುಗಿಸುವುದು ಈಗ ಹೆಚ್ಚು. ಹಾಗಾಗಿ ರಾಜಿಯಲ್ಲಿ ಕಂಪನಿ ಮೂರು ಲಕ್ಷದ ಹತ್ತಿರ ಬಂದರೆ ನಾನಾದರೆ ಒಪ್ಪಿಕೊಳ್ಳುತ್ತೇನೆ. ಒಂದು ಲಕ್ಷ ಎಂದರೆ ಏಳುತ್ತೇನೆ. ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿಸುತ್ತೇನೆ ಎಂದು ಯಾರಾದರೂ ಕರೆದರೆ ಹೋಗಬೇಡಿ. ಕಾರ್ಮಿಕ ಕಾನೂನು ಕೊಟ್ಟ ಹಕ್ಕಿಗೆ ಆ ಕಾನೂನಿನ ಬಾಗಿಲೇ ಎಂದು ಸುಪ್ರೀಂ ಕೋರ್ಟ್ 1975ರಲ್ಲೇ ಪ್ರೀಮಿಯರ್ ಆಟೋಮೊಬೈಲ್ಸ್ ಕೇಸಿನಲ್ಲಿ ಹೇಳಿದೆ. ಸುಮ್ನೆ ಕೋರ್ಟ್ ಫೀಸು ದಂಡ.

ಇನ್ನೆರಡು ಎಚ್ಚರಿಕೆ. ಗುರುಗ್ರಾಮದಿಂದ ನೋಟಿಸು ಬಂದರೆ ‘ಹೇಗೂ ನಡೆಯಲ್ಲ’ ಎಂದು ಮಡಚಿ ಇಡಬೇಡಿ. ನೀವು ಸುಮ್ಮನಿದ್ದರೆ ಅವರು ಒಂದೇ ಕಡೆ ಕೇಳಿ ತೀರ್ಪು ಬರೆದುಬಿಡಬಹುದು, ಆಮೇಲೆ ಅದನ್ನು ಅಳಿಸುವುದು ದೊಡ್ಡ ಕೆಲಸ. ಒಂದು ಪುಟದ ಉತ್ತರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ: ಈ ವಿವಾದ ಆರ್ಬಿಟ್ರೇಷನ್‌ಗೆ ಬರುವುದಿಲ್ಲ, ಕಂಪನಿ ಒಂದೇ ನೇಮಿಸಿದ ಆರ್ಬಿಟ್ರೇಟರ್‌ಗೂ ನನ್ನ ಒಪ್ಪಿಗೆ ಇಲ್ಲ. ಕಂಪನಿಯ ನೌಕರ ಆರ್ಬಿಟ್ರೇಟರ್ ಆಗುವಂತಿಲ್ಲ ಎಂದು 2015ರ ತಿದ್ದುಪಡಿ ಹೇಳುತ್ತದೆ. ವಿವಾದದ ಫಲದಲ್ಲಿ ಆಸಕ್ತಿ ಇರುವವರು ತಾವೊಬ್ಬರೇ ಇನ್ನೊಬ್ಬರನ್ನು ನೇಮಿಸುವಂತೆಯೂ ಇಲ್ಲ ಎಂದು ಸುಪ್ರೀಂ ಕೋರ್ಟಿನ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ಹೇಳಿದೆ. ಆದರೆ ವಿವಾದ ಹುಟ್ಟಿದ ಮೇಲೆ ‘ನನ್ನ ಅಭ್ಯಂತರ ಇಲ್ಲ’ ಎಂದು ನೀವೇ ಬರೆದುಕೊಟ್ಟರೆ ಆ ರಕ್ಷಣೆ ಹೋಗುತ್ತದೆ. ‘ಒಂದು ಫಾರ್ಮಾಲಿಟಿ, ಇಲ್ಲೊಂದು ಸಹಿ’ ಎಂದು ಬರುವ ಕಾಗದ ಅದೇ ಆಗಿರಬಹುದು. ಲೈನ್ ಮನೆ ಅಥವಾ ಕ್ವಾರ್ಟರ್ಸ್ ಬಿಡುವಾಗ ‘ನನಗೆ ಏನೂ ಬಾಕಿ ಇಲ್ಲ’ ಎಂಬ ಚೀಟಿಗೂ ಸಹಿ ಬೇಡ.

ವಕೀಲರಿಗೆ ಕೊಡಲು ಹಣ ಇಲ್ಲದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. 1987ರ ಕಾಯ್ದೆಯ ಪ್ರಕಾರ ಉಚಿತ ನೆರವಿಗೆ ಅರ್ಹರ ಪಟ್ಟಿಯಲ್ಲಿ ಕೈಗಾರಿಕಾ ಕೆಲಸಗಾರರೂ ಇದ್ದಾರೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ಪ್ರಶ್ನೆ: ಕಕ್ಕಬ್ಬೆ ಕಡೆ ನಮ್ಮದೊಂದು ಸಣ್ಣ ರೆಸಾರ್ಟ್ ಇದೆ. ಅಡುಗೆಯವರು, ಹೌಸ್‌ಕೀಪಿಂಗ್, ಡ್ರೈವರ್, ಇಬ್ಬರು ಮ್ಯಾನೇಜರ್ ಸೇರಿ 14 ಜನ. ಬೆಂಗಳೂರಿನ ಕನ್ಸಲ್ಟೆಂಟ್ ಒಬ್ಬರು ಎಲ್ಲರಿಗೂ ಆರ್ಬಿಟ್ರೇಷನ್ ಷರತ್ತಿನ ಹೊಸ ಕರಾರು ಮಾಡಿಸಿ, ಲೇಬರ್ ಕೋರ್ಟಿನ ಕಾಟವೇ ಇರಲ್ಲ ಎನ್ನುತ್ತಾರೆ. ಮಾಡಿಸಲೇ? — ಒಬ್ಬ ಮಾಲೀಕರು, ಕಕ್ಕಬ್ಬೆ

ಉತ್ತರ: ಮೇಲಿನ ಉತ್ತರ ಓದಿದಿರಲ್ಲ. ನಿಮ್ಮ 12 ಜನರ ಮಟ್ಟಿಗೆ ಆ ಕರಾರು ಸ್ಟಾಂಪ್ ಪೇಪರಿನ ಖರ್ಚು. ಅಡುಗೆಯವರು ಲೇಬರ್ ಆಫೀಸಿಗೆ ಹೋದರೆ ನೋಟಿಸು ಬಂದೇ ಬರುತ್ತದೆ. ಆಗ ಕನ್ಸಲ್ಟೆಂಟ್ ‘ನಮ್ಮ ಷರತ್ತು ಇದೆ, ಹೈಕೋರ್ಟಿಗೆ ಹೋಗೋಣ’ ಎನ್ನುತ್ತಾರೆ. 40,000 ರೂಪಾಯಿ ಬಾಕಿಗೆ ಎರಡು ಲಕ್ಷ ವಕೀಲರ ಫೀಸು ಕೊಡುವ ಮಾಲೀಕರನ್ನು ನಾನು ಮಡಿಕೇರಿಯಲ್ಲೇ ನೋಡಿದ್ದೇನೆ. ಹಠಕ್ಕೆ ಬಿದ್ದ ಮೇಲೆ ಲೆಕ್ಕ ಯಾರೂ ಹಾಕುವುದಿಲ್ಲ. ಕನ್ಸಲ್ಟೆಂಟ್‌ಗಂತೂ ಎರಡೂ ಸಲ ಫೀಸು ಸಿಗುತ್ತದೆ.

ಈ ಮಾದರಿ ಕರಾರುಗಳಲ್ಲಿ ಹಲವು ಅಮೆರಿಕದ್ದನ್ನು ನೋಡಿ ಬರೆದಂತಿರುತ್ತವೆ. ಅಲ್ಲಿ ಇದು ನಡೆಯುತ್ತದೆ. ಒಟ್ಟಾಗಿ ಕೇಸು ಹಾಕುವ ಹಾಗಿಲ್ಲ, ಒಬ್ಬೊಬ್ಬರೇ ಆರ್ಬಿಟ್ರೇಷನ್‌ಗೆ ಬನ್ನಿ ಎಂಬ ಷರತ್ತನ್ನು ಅಲ್ಲಿನ ಸುಪ್ರೀಂ ಕೋರ್ಟ್ 2018ರ ಎಪಿಕ್ ಸಿಸ್ಟಮ್ಸ್ ಕೇಸಿನಲ್ಲಿ ಐದು–ನಾಲ್ಕು ಬಹುಮತದಿಂದ ಎತ್ತಿಹಿಡಿಯಿತು. ಕಂಪನಿಗಳಿಗೆ ಖುಷಿಯಾಯಿತು. ಆಮೇಲೆ ಡೋರ್‌ಡ್ಯಾಶ್ ಎಂಬ ಊಟ ತಲುಪಿಸುವ ಕಂಪನಿಯ ಡೆಲಿವರಿ ಕೆಲಸಗಾರರು ‘ಸರಿ, ಒಬ್ಬೊಬ್ಬರೇ ಬರುತ್ತೇವೆ’ ಎಂದು ಸಾವಿರಾರು ಅರ್ಜಿ ಹಾಕಿದರು. ಕಂಪನಿಯ ಪಾಲಿನ ಫೀಸು ಒಂದೊಂದು ಅರ್ಜಿಗೆ 1,900 ಡಾಲರ್. ಕಂಪನಿ ಕಟ್ಟಲು ಒಪ್ಪಲಿಲ್ಲ, ಎಲ್ಲವನ್ನೂ ಒಟ್ಟಿಗೆ ಕೋರ್ಟಿನಲ್ಲೇ ಮುಗಿಸೋಣ ಎಂದು ನೋಡಿತು. 2020ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶ ವಿಲಿಯಂ ಆಲ್ಸಪ್, ನೀವೇ ಬರೆಸಿಕೊಂಡ ಷರತ್ತು, ನೀವೇ ಪಾಲಿಸಿ ಎಂಬ ಅರ್ಥದಲ್ಲಿ 5,010 ಜನರ ಆರ್ಬಿಟ್ರೇಷನ್ ನಡೆಸಲು ಆದೇಶ ಮಾಡಿದರು. ಗುಣಿಸಿ ನೋಡಿ, ಫೀಸೇ 95 ಲಕ್ಷ ಡಾಲರ್ ದಾಟುತ್ತದೆ. ನಿಮ್ಮಲ್ಲಿ 14 ಜನ ಅಷ್ಟೇ, ನಿಜ. ಆದರೆ ಎದುರಿನವರು ತಮ್ಮ ಪಾಲು ಕಟ್ಟದಿದ್ದರೆ ನೀವೇ ಎರಡೂ ಪಾಲು ಕಟ್ಟಬೇಕು, ಇಲ್ಲದಿದ್ದರೆ ಆರ್ಬಿಟ್ರೇಷನ್ ಅಲ್ಲಿಗೇ ನಿಲ್ಲಬಹುದು. ಇದು ನಮ್ಮ ಕಾಯ್ದೆಯಲ್ಲೂ ಇದೆ.

ಇಬ್ಬರು ಮ್ಯಾನೇಜರ್‌ಗಳ ವಿಷಯ ಬೇರೆ. ಅವರು ನಿಜವಾಗಿ ಮ್ಯಾನೇಜ್‌ಮೆಂಟ್ ಕೆಲಸ ಮಾಡುತ್ತಿದ್ದರೆ ಷರತ್ತು ನಿಲ್ಲಬಹುದು. ಹಾಕುವುದಾದರೆ ಮರ್ಯಾದೆಯಾಗಿ ಹಾಕಿ. ಸ್ಥಳ ಮಡಿಕೇರಿ ಎಂದು ಬರೆಯಿರಿ. ಆರ್ಬಿಟ್ರೇಟರ್ ಇಬ್ಬರೂ ಒಪ್ಪಿದವರು, ಒಪ್ಪದಿದ್ದರೆ ಹೈಕೋರ್ಟ್ ನೇಮಿಸುವವರು. ಫೀಸು ನಿಮ್ಮದು. ಕರಾರು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಲಿ, ಒಂದು ಪ್ರತಿ ಅವರ ಕೈಯಲ್ಲಿರಲಿ. ಸಂಬಳ ಬಾಕಿಯನ್ನು ಮಾತ್ರ ಇದರೊಳಗೆ ತರಲು ಹೋಗಬೇಡಿ, ಮೊದಲೇ ಹೇಳಿದ ವೇತನ ಸಂಹಿತೆ ಅಡ್ಡ ಬರುತ್ತದೆ.

ಕೆಲಸಗಾರರ ಜೊತೆಗೂ ಆರ್ಬಿಟ್ರೇಷನ್ ಬೇಕೇ ಬೇಕು ಎಂದಿದ್ದರೆ ಕೈಗಾರಿಕಾ ಸಂಬಂಧಗಳ ಸಂಹಿತೆಯ 42ನೇ ಸೆಕ್ಷನ್‌ನಲ್ಲಿ ಒಂದು ದಾರಿ ಇದೆ. ವಿವಾದ ಬಂದ ಮೇಲೆ ಎರಡೂ ಕಡೆಯವರು ಮನಸ್ಸಿನಿಂದ ಒಪ್ಪಿ, ಬರೆದು, ಒಬ್ಬರನ್ನು ಆರಿಸಿಕೊಳ್ಳಬಹುದು. ಕೆಲಸಕ್ಕೆ ಸೇರುವ ದಿನವೇ, ಸಂಬಳ ಬೇಕಾದರೆ ಸಹಿ ಹಾಕು ಎಂದು ಬರೆಸಿಕೊಳ್ಳುವುದು ಆ ದಾರಿಯಲ್ಲ.

ಪ್ರಶ್ನೆ: ನನ್ನ ತಂಗಿಗೆ ಒಂದು ಖಾಸಗಿ ಬ್ಯಾಂಕಿನಲ್ಲಿ ಬ್ರಾಂಚ್ ಮ್ಯಾನೇಜರ್ ಕೆಲಸ ಸಿಕ್ಕಿದೆ, ಪೋಸ್ಟಿಂಗ್ ವಿರಾಜಪೇಟೆ. ಆಫರ್ ಲೆಟರ್‌ನಲ್ಲಿ ಆರ್ಬಿಟ್ರೇಷನ್ ಇಲ್ಲ, ಆದರೆ ‘ಮುಂಬೈ ಕೋರ್ಟುಗಳಿಗೆ ಮಾತ್ರ ಅಧಿಕಾರ’ ಎಂದಿದೆ. ಇದು ಸುಮ್ನೆ ಹೆದರಿಸುವುದಕ್ಕಾ? — ಗೋಣಿಕೊಪ್ಪದಿಂದ ಒಬ್ಬ ಅಣ್ಣ

ಉತ್ತರ: ಹೆದರಿಸುವುದಕ್ಕಲ್ಲ, ನಿಜ. 2025ರ ಏಪ್ರಿಲ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ಕೇಸಿನಲ್ಲಿ ಪಟ್ನಾ ಮತ್ತು ದೆಹಲಿಯಲ್ಲಿ ದಾವೆ ಹಾಕಿದ್ದ ಇಬ್ಬರು ನೌಕರರಿಗೆ, ಕರಾರಿನಲ್ಲಿರುವಂತೆ ಮುಂಬೈಗೇ ಹೋಗಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕರಾರಿನಲ್ಲಿ ಹೇಳಿದ ಊರಿನ ಕೋರ್ಟಿಗೆ ಕಾನೂನಿನ ಪ್ರಕಾರ ಮೊದಲೇ ಅಧಿಕಾರ ಇದ್ದು, ಬೇರೆ ಊರು ಬೇಡ ಎಂದು ಸ್ಪಷ್ಟವಾಗಿ ಬರೆದಿದ್ದರೆ ಷರತ್ತು ನಿಲ್ಲುತ್ತದೆ. ಬ್ರಾಂಚ್ ಮ್ಯಾನೇಜರ್ ಎಂದರೆ ‘ಕೆಲಸಗಾರ’ ಎಂದು ವಾದಿಸುವುದೂ ಕಷ್ಟ. ಕೆಲಸ ಒಳ್ಳೆಯದಿದ್ದರೆ ಈ ಒಂದು ಸಾಲಿಗಾಗಿ ಬಿಡಲು ನಾನು ಹೇಳುವುದಿಲ್ಲ. ಬದಲಾಯಿಸುತ್ತೀರಾ ಎಂದು ಇಮೇಲ್‌ನಲ್ಲಿ ಒಮ್ಮೆ ಕೇಳಲಿ. ‘ಆಗಲ್ಲ’ ಎಂದೇ ಉತ್ತರ ಬರುತ್ತದೆ, ಬರಲಿ.

ಪ್ರಶ್ನೆ: ನಾನು ಒಂದು ರೆಸಾರ್ಟಿನಲ್ಲಿ ಕೆಲಸ ಮಾಡುತ್ತೇನೆ. ಮೇಲಿನವರೊಬ್ಬರು ಕೆಟ್ಟದಾಗಿ ನಡೆದುಕೊಂಡರು, ಎರಡು ತಿಂಗಳಾಯಿತು. ದೂರು ಕೊಡುತ್ತೇನೆ ಎಂದಾಗ ‘ಎಲ್ಲ ವಿವಾದವೂ ಆರ್ಬಿಟ್ರೇಷನ್‌ಗೆ, ಹೊರಗೆ ಬಾಯಿ ಬಿಟ್ಟರೆ ಕರಾರು ಮುರಿದ ಹಾಗೆ’ ಎಂದರು. — ಹೆಸರು ಬೇಡ, ಮಡಿಕೇರಿ

ಉತ್ತರ: ಅವರ ಮಾತು ಸುಳ್ಳು. ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆ ಇದೆ, ಯಾವ ಕರಾರೂ ಅದನ್ನು ತಡೆಯಲಾರದು. ಅಮೆರಿಕದಲ್ಲೇ ಇಂಥ ದೂರುಗಳನ್ನು ಆರ್ಬಿಟ್ರೇಷನ್‌ಗೆ ಒತ್ತಾಯದಿಂದ ಕಳಿಸುವುದನ್ನು 2022ರ ಮಾರ್ಚ್‌ನಲ್ಲಿ ಕಾನೂನು ಮಾಡಿ ನಿಲ್ಲಿಸಿದ್ದಾರೆ.

ನೀವು ಬೇಗ ಹೊರಡಬೇಕು. ಘಟನೆ ಆದ ಮೂರು ತಿಂಗಳೊಳಗೆ ಬರೆದು ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಅದನ್ನು ನೆಚ್ಚಿಕೊಳ್ಳಬೇಡಿ. ರೆಸಾರ್ಟಿನಲ್ಲಿ 10 ಜನ ಅಥವಾ ಹೆಚ್ಚು ಇದ್ದರೆ ಅಲ್ಲೇ ಆಂತರಿಕ ಸಮಿತಿ ಇರಬೇಕು. ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ. ಅದರ ವಿವರ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ. ಪೊಲೀಸ್ ದೂರಿನ ದಾರಿ ಬೇರೆ, ಅದೂ ತೆರೆದೇ ಇದೆ. ಮಹಿಳೆಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ದೂರಿನಲ್ಲಿ ತಾರೀಕು, ಸಮಯ, ಜಾಗ, ಅಲ್ಲಿದ್ದವರ ಹೆಸರು ಬರೆಯಿರಿ. ಆರ್ಬಿಟ್ರೇಷನ್ ಎಂದು ಯಾರು, ಯಾವ ದಿನ ಹೆದರಿಸಿದರು ಎಂಬುದನ್ನೂ ಸೇರಿಸಿ. ಕೊಡುವಾಗ ನಿಮ್ಮ ಪ್ರತಿಗೆ ಸೀಲು, ಸಹಿ ಹಾಕಿಸಿಕೊಂಡೇ ಹೊರಗೆ ಬನ್ನಿ.